ಕೆಲಸ ಮೂರು, ಇನ್‌ಬಾಕ್ಸ್ ಎಷ್ಟು? ಮೇಲ್ ಜೋಡಿಸಿಡುವ ದಾರಿಗಳ ಹೋಲಿಕೆ

2024ರ ಫೆಬ್ರವರಿ. ಬಳ್ಳಾರಿಯಲ್ಲಿ ಆಗಲೇ ಹಗಲು ಫ್ಯಾನ್ ಬೇಕಾಗುತ್ತಿತ್ತು. ಜೀನ್ಸ್ ಹೊಲಿಸುವ ಯುನಿಟ್ ಇಟ್ಟುಕೊಂಡವರೊಬ್ಬರು ನನ್ನ ಆಫೀಸಿಗೆ ಬಂದು, ಫೋನನ್ನು ಮೇಜಿನ ಮೇಲೆ ಇಟ್ಟು, "ಸರ್, ಇದೊಂದು ನೋಡ್ರಿ" ಅಂದರು. ಉಗುರಿನ ಸಂದಿಯಲ್ಲೆಲ್ಲ ನೀಲಿ ಬಣ್ಣ ಕೂತಿದ್ದ ಕೈ. ಫೋನಿನಲ್ಲಿ 2018-19ರ ಲೆಕ್ಕಕ್ಕೆ ಬಂದ ಜಿಎಸ್‌ಟಿ ನೋಟೀಸ್. ಸರಕು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳಲು ಅವರು ತೆಗೆದುಕೊಂಡಿದ್ದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್‌ಗೂ ಪೋರ್ಟಲ್ ತೋರಿಸುತ್ತಿದ್ದ ಮೊತ್ತಕ್ಕೂ ತಾಳೆ ಆಗುತ್ತಿರಲಿಲ್ಲ.

ಬಟ್ಟೆ ಬಂದಿದ್ದು ಅಹಮದಾಬಾದಿನಿಂದ. ಆ ವ್ಯಾಪಾರಿ ಬಿಲ್ ಕಳಿಸಿದ್ದು, ಒಂದು ಬಿಲ್ ತಪ್ಪಾಗಿ ತಿದ್ದಿ ಕಳಿಸಿದ್ದು, ದುಡ್ಡು ಮುಟ್ಟಿತು ಅಂತ ಒಪ್ಪಿಕೊಂಡಿದ್ದು ಎಲ್ಲವೂ ಮೇಲ್‌ನಲ್ಲೇ ನಡೆದಿತ್ತು. ಆದರೆ ಯಾವ ಮೇಲ್‌ನಲ್ಲಿ? ಇವರ ಹತ್ತಿರ ನಾಲ್ಕು ಐಡಿ ಇದ್ದವು. ಒಂದು ಸ್ವಂತದ್ದು, ಒಂದು ಮಗ ಮಾಡಿಕೊಟ್ಟಿದ್ದು, ಒಂದು ಯುನಿಟ್ ಹೆಸರಿನದು, ಇನ್ನೊಂದು ಹಿಂದೆ ಇದ್ದ ಮ್ಯಾನೇಜರ್ ಹೆಸರಿನದು. ನಮಗೆ ಬೇಕಾದದ್ದು ಆ ನಾಲ್ಕನೆಯದರಲ್ಲಿತ್ತು. "ಅದರ ಪಾಸ್‌ವರ್ಡ್ ಅವನ ಹತ್ರನೇ ಐತ್ರಿ" ಅಂದರು. ಮ್ಯಾನೇಜರ್ ಕೆಲಸ ಬಿಟ್ಟು ಸಿಂಧನೂರಿಗೆ ಹೋಗಿ ಮೂರು ವರ್ಷ ಆಗಿತ್ತು. ಒಳ್ಳೆಯ ಮನುಷ್ಯ, ಫೋನ್ ಮಾಡಿದ ಕೂಡಲೇ ತೆರೆದು ಕೊಟ್ಟರು.

ತೆರೆದ ಮೇಲೂ ಅರ್ಧ ದಿನ ಹೋಯಿತು. ಊರಿನ ಹೆಸರು ಹಾಕಿ ಹುಡುಕಿದರೆ ಒಂದೂ ಬರಲಿಲ್ಲ. ಆಮೇಲೆ ಹೊಳೆಯಿತು. ಆ ವ್ಯಾಪಾರಿಯ ಬಿಲ್ಲಿನಲ್ಲಿ ಇನ್ನೂ ಹಳೆಯ ಇಂಗ್ಲಿಷ್ ಸ್ಪೆಲ್ಲಿಂಗ್ ಇತ್ತು, 'ಬೆಲ್ಲರಿ' ಅಂತ ಓದುತ್ತಿದ್ದೆವಲ್ಲ, ಅದು. ಅದನ್ನು ಹಾಕಿದ ತಕ್ಷಣ ಹದಿನೇಳು ಮೇಲ್ ಸಾಲಾಗಿ ನಿಂತವು.

ಒಬ್ಬರೇ ಎರಡು ಮೂರು ಕೆಲಸ ಮಾಡುವುದು ನಮ್ಮ ಕಡೆ ಹೊಸದೇನಲ್ಲ. ಕಾಲೇಜಿನಲ್ಲಿ ಪಾಠ ಮಾಡುತ್ತಾ ಕೋಚಿಂಗ್ ನಡೆಸುವವರು, ವಕೀಲಿಕೆಯ ಜೊತೆ ಸೊಸೈಟಿಯಲ್ಲಿ ನಿರ್ದೇಶಕರಾಗಿರುವವರು, ಸ್ವಂತ ಕನ್ಸಲ್ಟೆನ್ಸಿ ಇಟ್ಟುಕೊಂಡ ಎಂಜಿನಿಯರುಗಳು. ನನ್ನದೂ ಹಾಗೇ. ಬೆಳಿಗ್ಗೆ ಡಿಗ್ರಿ ಕಾಲೇಜಿನಲ್ಲಿ ವಾಣಿಜ್ಯ ವಿಭಾಗದ ಅತಿಥಿ ಉಪನ್ಯಾಸಕ. ಮಧ್ಯಾಹ್ನದಿಂದ ರಾತ್ರಿವರೆಗೆ ತೆರಿಗೆ ಕೆಲಸ. ಭಾನುವಾರ ನಮ್ಮ ಬಡಾವಣೆಯ ಸಂಘದ ಕಾರ್ಯದರ್ಶಿ. ಮೇಲ್ ಹೇಗೆ ಇಡಬೇಕು ಅಂತ ಹತ್ತು ವರ್ಷದಲ್ಲಿ ಐದು ದಾರಿ ಹಿಡಿದು ನೋಡಿದ್ದೇನೆ. ಅವುಗಳಲ್ಲಿ ಯಾವುದು ಯಾರಿಗೆ ಸರಿ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಕೇಳಿಕೊಳ್ಳಬೇಕಾದದ್ದು

ಎಷ್ಟು ಐಡಿ ಬೇಕು ಅನ್ನುವುದು ಎರಡನೇ ಪ್ರಶ್ನೆ. ಮೊದಲನೆಯದು, ಈ ಮೇಲ್ ಯಾರದು? ನಾನು ಈ ಕೆಲಸ ಬಿಟ್ಟ ದಿನ ಇದು ಯಾರ ಕೈಗೆ ಹೋಗಬೇಕು?

ನನ್ನ ಮೂರು ಕೆಲಸಕ್ಕೆ ಮೂರು ಉತ್ತರ ಬರುತ್ತದೆ. ಕಾಲೇಜಿನ ಐಡಿ ಕಾಲೇಜಿನದು, ಕೆಲಸ ಮುಗಿದರೆ ಅವರು ಮುಚ್ಚುತ್ತಾರೆ. ಸಂಘದ ಮೇಲ್ ಸಂಘದ್ದು. ನಾನು ಇಳಿದ ಮೇಲೆ ಮುಂದಿನ ಕಾರ್ಯದರ್ಶಿಗೆ ಹೋಗಬೇಕು. ತೆರಿಗೆ ಕೆಲಸದ್ದು ನನ್ನದೇ, ಆದರೆ ಅದರೊಳಗೆ ಇರುವುದೆಲ್ಲ ಪಾರ್ಟಿಗಳ, ಅಂದರೆ ನನಗೆ ತೆರಿಗೆ ಕೆಲಸ ಒಪ್ಪಿಸಿದವರ, ಕಾಗದ.

ಇದನ್ನು ನಾನು ಸುಮ್ನೆ ಯೋಚಿಸಿ ಹೇಳುತ್ತಿಲ್ಲ. ಹಿಂದೆ ನಾನು ಪಾಠ ಮಾಡುತ್ತಿದ್ದ ಒಂದು ಕಾಲೇಜಿನಲ್ಲಿ ಸೆಮಿಸ್ಟರ್ ಮುಗಿದ ವಾರವೇ ಅತಿಥಿ ಉಪನ್ಯಾಸಕರ ಐಡಿಗಳನ್ನೆಲ್ಲ ಮುಚ್ಚಿದರು. ಮುಂಚೆ ಒಂದು ಮಾತು ಹೇಳಲಿಲ್ಲ. ಕೆಲಸಕ್ಕೆ ಸೇರಿಸಿಕೊಂಡ ಪತ್ರ, ಮೌಲ್ಯಮಾಪನಕ್ಕೆ ಕರೆದ ಆದೇಶ, ಎರಡು ವರ್ಷದ ಟೈಮ್‌ಟೇಬಲ್ ಎಲ್ಲ ಅದರಲ್ಲೇ ಇದ್ದವು. ನಮ್ಮಂಥವರಿಗೆ ಮುಂದಿನ ವರ್ಷದ ಆಯ್ಕೆಯಲ್ಲಿ ಹಿಂದಿನ ಸೇವೆಯ ಲೆಕ್ಕ ಎಷ್ಟು ಮುಖ್ಯ ಅನ್ನುವುದು ಆ ಕೆಲಸ ಮಾಡಿದವರಿಗೇ ಗೊತ್ತು. ಸೇವಾ ಪ್ರಮಾಣಪತ್ರಕ್ಕೆ ಆಮೇಲೆ ಎಂಟು ಸಲ ಓಡಾಡಿದೆ. ಆ ಬೇಸರ ಇನ್ನೂ ಇದೆ.

ದಾರಿ ಒಂದು: ಎಲ್ಲಕ್ಕೂ ಒಂದೇ ಐಡಿ

ಎಲ್ಲರೂ ಶುರು ಮಾಡುವುದು ಇಲ್ಲಿಂದಲೇ. ಒಂದು ಜಿಮೇಲ್, ಅದರೊಳಗೆ ಲೇಬಲ್. ಅನುಕೂಲ ಇದೆ, ಇಲ್ಲ ಅನ್ನುವುದಿಲ್ಲ. ಒಂದೇ ಪಾಸ್‌ವರ್ಡ್, ಒಂದೇ ಕಡೆ ಹುಡುಕಾಟ. ಜಿಮೇಲ್‌ನ ಲೇಬಲ್ ಬೇರೆ ಕಡೆಯ ಫೋಲ್ಡರ್‌ಗಿಂತ ಸಡಿಲ. ಫೋಲ್ಡರ್ ಅಂದರೆ ಬೀರು ಇದ್ದ ಹಾಗೆ, ಒಂದು ಕಾಗದ ಒಂದೇ ಅರೆಯಲ್ಲಿ ಇರಬೇಕು. ಲೇಬಲ್ ಅಂದರೆ ಕಾಗದಕ್ಕೆ ಅಂಟಿಸಿದ ಚೀಟಿ. ಒಂದೇ ಮೇಲ್‌ಗೆ 'ನೋಟೀಸ್' ಅಂತಲೂ, ಪಾರ್ಟಿ ಹೆಸರೂ, '2018-19' ಅಂತಲೂ ಮೂರು ಚೀಟಿ ಅಂಟಿಸಬಹುದು. ಚೀಟಿ ಕಿತ್ತರೆ ಕಾಗದ ಹೋಗುವುದಿಲ್ಲ.

ಫಿಲ್ಟರ್, ಅಂದರೆ 'ಇಂಥ ಮೇಲ್ ಬಂದರೆ ಹೀಗೆ ಮಾಡು' ಅನ್ನುವ ನಿಯಮ, ಹಾಕಿದರೆ ಚೀಟಿ ತಾನಾಗೇ ಬೀಳುತ್ತದೆ. ಇನ್ನೂ ಒಂದು ಉಪಾಯ ಇದೆ. ಐಡಿಯಲ್ಲಿ ನಿಮ್ಮ ಹೆಸರಿನ ಭಾಗದ ಕೊನೆಗೆ ಪ್ಲಸ್ ಚಿಹ್ನೆ ಹಾಕಿ 'ಸಂಘ' ಅನ್ನೋ ತರ ಒಂದು ಪದ ಸೇರಿಸಿ ಕೊಟ್ಟರೂ ಮೇಲ್ ನಿಮಗೇ ಬರುತ್ತದೆ. ಯಾವ ಕೆಲಸದ್ದು ಅಂತ ಫಿಲ್ಟರ್‌ಗೆ ಗೊತ್ತಾಗುತ್ತದೆ. ಕೆಲವು ವೆಬ್‌ಸೈಟುಗಳು ಪ್ಲಸ್ ಇರುವ ವಿಳಾಸ ಒಪ್ಪುವುದಿಲ್ಲ, ಅದೊಂದು ತೊಡಕು.

ತೊಂದರೆ ಬರುವುದು ಬಿಡುವಾಗ. ಸಂಘದ ಐದು ವರ್ಷದ ಪತ್ರವ್ಯವಹಾರ ನನ್ನ ಸ್ವಂತ ಐಡಿಯಲ್ಲಿದ್ದರೆ ಮುಂದಿನವರಿಗೆ ಏನು ಕೊಡಲಿ? ಪಾಸ್‌ವರ್ಡ್ ಕೊಟ್ಟರೆ ನನ್ನ ಮನೆ ಸಾಲದ ಕಾಗದವೂ ಅವರ ಕೈಗೆ ಹೋಗುತ್ತದೆ. ಇನ್ನು ಜಾಗ. ಉಚಿತ ಖಾತೆಗೆ 15 ಜಿಬಿ, ಅದೂ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. ಮಗಳ ಮದುವೆ ವಿಡಿಯೊ ಜಾಗ ತಿಂದರೆ ಪಾರ್ಟಿ ಕಳಿಸಿದ ಮೇಲ್ ವಾಪಸ್ ಹೋಗುತ್ತದೆ. ಕಳಿಸಿದವರಿಗೆ ಗೊತ್ತಾಗುತ್ತದೆ, ನಿಮಗೆ ಗೊತ್ತಾಗುವುದಿಲ್ಲ.

ಒಂದೇ ಕೆಲಸ, ಅದೂ ಸ್ವಂತದ್ದು ಅನ್ನುವವರಿಗೆ ಈ ದಾರಿ ಸಾಕು. ಎರಡನೇ ಹೊಣೆ ಹೆಗಲಿಗೆ ಬಂದ ದಿನವೇ ಇದನ್ನು ಬಿಡಿ.

ದಾರಿ ಎರಡು: ಕೆಲಸಕ್ಕೊಂದು ಐಡಿ

ಹುದ್ದೆಯ ಹೆಸರಿನಲ್ಲೇ ಐಡಿ ಮಾಡಿ. ಸಂಘಕ್ಕೆ ಸಂಘದ ಹೆಸರು, ಕಾರ್ಯದರ್ಶಿಯ ಹೆಸರಲ್ಲ. ಆ ಜೀನ್ಸ್ ಯುನಿಟ್‌ನವರು ಮ್ಯಾನೇಜರ್ ಹೆಸರು ಹಾಕಿದ್ದರಿಂದಲೇ ಅಲ್ವಾ ಅಷ್ಟು ಪರದಾಡಿದ್ದು?

ಇದರ ಕಷ್ಟ ದಿನನಿತ್ಯದ್ದು. ಮೂರು ಕಡೆ ಲಾಗಿನ್ ಆಗಿ ನೋಡಬೇಕು. ಒಂದನ್ನು ನೋಡುವುದು ಮರೆತೇ ಹೋಗುತ್ತದೆ. ಜಿಎಸ್‌ಟಿ ವಿಷಯದಲ್ಲಿ ಮರೆತರೆ ಕಷ್ಟ. ಕೇಂದ್ರ ಜಿಎಸ್‌ಟಿ ಕಾಯ್ದೆಯ 169ನೇ ಸೆಕ್ಷನ್ ಪ್ರಕಾರ ನೋಂದಣಿಯಲ್ಲಿ ಕೊಟ್ಟ ಇಮೇಲ್‌ಗೆ ಕಳಿಸುವುದೂ ನೋಟೀಸ್ ಜಾರಿ ಮಾಡುವ ಒಂದು ಕ್ರಮ. ಪೋರ್ಟಲ್‌ನಲ್ಲಿ ಹಾಕುವುದೂ ಹಾಗೇ. ನೋಡಲಿಲ್ಲ ಅನ್ನುವುದು ಉತ್ತರ ಆಗುವುದಿಲ್ಲ.

ಇದೇ ಮಾತಿಗೆ ಇನ್ನೊಂದು ಸೇರಿಸಬೇಕು. ನಾನು ಯಾವ ಪಾರ್ಟಿಯ ಜಿಎಸ್‌ಟಿ ನೋಂದಣಿಗೂ ನನ್ನ ಐಡಿ, ನನ್ನ ಫೋನ್ ನಂಬರ್ ಹಾಕುವುದಿಲ್ಲ. ಓಟಿಪಿಗಾಗಿ ಪ್ರತಿ ಸಲ ಅವರಿಗೆ ಫೋನ್ ಮಾಡಬೇಕಾಗುತ್ತದೆ, ಮಾಡುತ್ತೇನೆ. ಕನ್ಸಲ್ಟೆಂಟ್ ಐಡಿ ಹಾಕಿಬಿಟ್ಟು, ಆಮೇಲೆ ಸಂಬಂಧ ಕೆಟ್ಟು, ತನ್ನ ಅಂಗಡಿಯ ಲಾಗಿನ್ ತನಗೇ ಸಿಗದೆ ಅಲೆಯುವವರನ್ನು ನೋಡಿದ್ದೇನೆ. ಅಂಥವರು ತಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಹತ್ತಿರ ದಾಖಲೆ ತೆಗೆದುಕೊಂಡು ಹೋದರೆ ಐಡಿ, ನಂಬರ್ ಬದಲಿಸಿಕೊಡುವ ವ್ಯವಸ್ಥೆ 2018ರಿಂದಲೇ ಇದೆ.

ಬೇರೆ ಐಡಿ ಮಾಡಿದವರಿಗೆ ಒಂದು ಎಚ್ಚರಿಕೆ. ಎರಡು ವರ್ಷ ಮುಟ್ಟದ ಸ್ವಂತ ಖಾತೆಯನ್ನು ಗೂಗಲ್ ಅಳಿಸಬಹುದು. 2023ರ ಡಿಸೆಂಬರ್‌ನಿಂದ ಈ ನಿಯಮ ನಡೆಯುತ್ತಿದೆ. ಮುಚ್ಚಿಹೋದ ವ್ಯವಹಾರದ ಹಳೆಯ ಐಡಿ ಇದ್ದರೆ ಆರು ತಿಂಗಳಿಗೊಮ್ಮೆ ತೆರೆದು, ಒಂದು ಮೇಲ್ ಓದಿ ಬನ್ನಿ.

ದಾರಿ ಮೂರು: ಎಲ್ಲವನ್ನೂ ಒಂದಕ್ಕೆ ಫಾರ್ವರ್ಡ್ ಮಾಡುವುದು

ಜಾಸ್ತಿ ಜನ ಇದನ್ನೇ ಮಾಡುತ್ತಾರೆ. ನನಗೆ ಎಲ್ಲಕ್ಕಿಂತ ಕಡಿಮೆ ಇಷ್ಟವಾದ ದಾರಿ ಇದೇ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಉತ್ತರ ತಪ್ಪು ಬಾಗಿಲಿನಿಂದ ಹೋಗುತ್ತದೆ. ಸಂಘಕ್ಕೆ ಬಂದ ಪತ್ರಕ್ಕೆ ಅವಸರದಲ್ಲಿ ರಿಪ್ಲೈ ಒತ್ತಿದಿರಿ ಅಂದುಕೊಳ್ಳಿ, ಅದು ನಿಮ್ಮ ಸ್ವಂತ ಐಡಿಯಿಂದ ಹೋಗುತ್ತದೆ. ಅಲ್ಲಿಂದ ಮುಂದೆ ಆ ಸಂಭಾಷಣೆ ಪೂರ್ತಿ ಸ್ವಂತ ಐಡಿಯಲ್ಲೇ ಬೆಳೆಯುತ್ತದೆ. ಸಂಘದ ಐಡಿ ತೆರೆದು ನೋಡಿದರೆ ಬಂದ ಪತ್ರ ಇದೆ, ಕೊಟ್ಟ ಉತ್ತರ ಇಲ್ಲ. ಜಿಮೇಲ್ ಸೆಟ್ಟಿಂಗ್‌ನಲ್ಲಿ ಬೇರೆ ಐಡಿಯಿಂದ ಕಳಿಸುವ ಅನುಕೂಲ ಇದೆ, 'ಬಂದ ವಿಳಾಸದಿಂದಲೇ ಉತ್ತರಿಸು' ಅನ್ನುವ ಆಯ್ಕೆಯೂ ಇದೆ. ಅದನ್ನು ಹಾಕಿಕೊಂಡವರನ್ನು ನಾನು ನೋಡಿದ್ದು ಕಡಿಮೆ.

ಎರಡನೆಯದು, ಕಾಗದದ ಬೆಲೆ. ಪ್ರತಿ ಮೇಲ್‌ಗೂ ಕಣ್ಣಿಗೆ ಕಾಣದ ಒಂದು ತಲೆಬರಹ ಇರುತ್ತದೆ. ಯಾವ ಸರ್ವರ್‌ನಿಂದ ಹೊರಟಿತು, ಎಲ್ಲೆಲ್ಲಿ ಹಾಯ್ದು ಬಂತು, ಯಾವ ಗಂಟೆಗೆ ಅನ್ನುವುದೆಲ್ಲ ಅದರಲ್ಲಿರುತ್ತದೆ. ಅಂಚೆ ಲಕೋಟೆಯ ಮೇಲಿನ ಮುದ್ರೆ ಇದ್ದ ಹಾಗೆ. ಕೈಯಿಂದ ಫಾರ್ವರ್ಡ್ ಮಾಡಿದಾಗ ಒಳಗಿನ ಕಾಗದ ಮಾತ್ರ ಹೊಸ ಲಕೋಟೆಗೆ ಹೋಗುತ್ತದೆ, ಮುದ್ರೆ ನಿಮ್ಮದಾಗುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 7ನೇ ಸೆಕ್ಷನ್ ಎಲೆಕ್ಟ್ರಾನಿಕ್ ದಾಖಲೆ ಇಟ್ಟುಕೊಳ್ಳುವುದು ಹೇಗೆ ಅಂತ ಹೇಳುತ್ತದೆ. ಅದು ಹುಟ್ಟಿದ ರೂಪದಲ್ಲೇ ಇರಬೇಕು, ಅಥವಾ ಮೂಲವನ್ನು ಸರಿಯಾಗಿ ತೋರಿಸುವ ರೂಪದಲ್ಲಿರಬೇಕು. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಯಾವ ದಿನ, ಯಾವ ಹೊತ್ತು ಅನ್ನುವುದು ಗೊತ್ತಾಗಬೇಕು. ಫಾರ್ವರ್ಡ್ ಮಾಡಿ ಮೂಲ ಅಳಿಸಿದವರು ಇದನ್ನೇ ಕಳೆದುಕೊಳ್ಳುತ್ತಾರೆ.

ಮೂರನೆಯದು, ನೌಕರಿಯ ನಿಯಮ. ಕೇಂದ್ರ ಸರ್ಕಾರದ ಇಮೇಲ್ ನೀತಿ ಸರ್ಕಾರಿ ಐಡಿಯ ಮೇಲ್‌ಗಳನ್ನು ಹೊರಗಿನ ಖಾಸಗಿ ಐಡಿಗೆ ಫಾರ್ವರ್ಡ್ ಮಾಡಲು ಬಿಡುವುದಿಲ್ಲ. ಸರ್ಕಾರಿ ಕೆಲಸದಲ್ಲಿರುವವರು, ದೊಡ್ಡ ಕಾರ್ಖಾನೆಗಳಲ್ಲಿ ಇರುವವರು ಫಾರ್ವರ್ಡ್ ಒತ್ತುವ ಮುಂಚೆ ತಮ್ಮ ಆಫೀಸಿನ ನಿಯಮ ಏನಿದೆ ಅಂತ ಕೇಳಿಕೊಳ್ಳಿ. ನೌಕರಿಗೇ ತೊಂದರೆ ಆಗುವ ವಿಷಯ ಇದು.

ಜಿಮೇಲ್ ಒಳಗಿನಿಂದಲೇ ಬೇರೆ ಐಡಿಗಳ ಮೇಲ್ ಎಳೆದುಕೊಳ್ಳುವ ಹಳೆಯ ಪಾಪ್ ವ್ಯವಸ್ಥೆಯನ್ನು ಕೆಲವರು ಬಳಸುತ್ತಿದ್ದರು. ಅದನ್ನು 2026ರಿಂದ ನಿಲ್ಲಿಸುವುದಾಗಿ ಗೂಗಲ್ ತಿಳಿಸಿದೆ. ಹೊಸದಾಗಿ ಅದನ್ನು ನಂಬಿಕೊಳ್ಳುವುದು ಬೇಡ.

ದಾರಿ ನಾಲ್ಕು: ಐಡಿ ಬೇರೆ, ನೋಡುವ ಪರದೆ ಒಂದೇ

ಈಗ ನಾನಿರುವುದು ಇಲ್ಲಿ. ಪ್ರತಿ ಕೆಲಸಕ್ಕೂ ಬೇರೆ ಐಡಿ, ಆದರೆ ಮೂರನ್ನೂ ಒಂದೇ ಆ್ಯಪ್‌ನಲ್ಲಿ ನೋಡುವುದು. ಫೋನಿನ ಜಿಮೇಲ್ ಆ್ಯಪ್‌ನಲ್ಲೇ ಹಲವು ಖಾತೆ ಸೇರಿಸಬಹುದು. 'ಆಲ್ ಇನ್‌ಬಾಕ್ಸಸ್' ಒತ್ತಿದರೆ ಎಲ್ಲ ಒಟ್ಟಿಗೆ ಕಾಣುತ್ತವೆ. ಕಂಪ್ಯೂಟರ್‌ನಲ್ಲಿ ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಂ ಇದೆ. ಉಚಿತ, ಫೈರ್‌ಫಾಕ್ಸ್ ಮಾಡಿದ ಮೊಜಿಲ್ಲಾದವರದ್ದೇ. ಮುಖ್ಯವಾದದ್ದು ಏನಂದರೆ, ಯಾವ ಐಡಿಗೆ ಬಂತೋ ಆ ಐಡಿಯಿಂದಲೇ ಉತ್ತರ ಹೋಗುತ್ತದೆ. ಸಂಘದ್ದು ಸಂಘದಲ್ಲೇ ಉಳಿಯುತ್ತದೆ.

ಖಾತೆ ಸೇರಿಸುವಾಗ ಐಮ್ಯಾಪ್ ಬೇಕೋ ಪಾಪ್ ಬೇಕೋ ಅಂತ ಕೇಳಿದರೆ ಐಮ್ಯಾಪ್ ಆರಿಸಿ. ಪಾಪ್ ಮೇಲ್‌ಗಳನ್ನು ನಿಮ್ಮ ಕಂಪ್ಯೂಟರ್‌ಗೆ ಇಳಿಸಿಕೊಳ್ಳುತ್ತದೆ, ಸೆಟ್ಟಿಂಗ್ ನೋಡದಿದ್ದರೆ ಸರ್ವರ್‌ನಿಂದ ಅಳಿಸಿಯೂ ಬಿಡುತ್ತದೆ. ಐಮ್ಯಾಪ್ ಕನ್ನಡಿ ಇದ್ದ ಹಾಗೆ, ಸರ್ವರ್‌ನಲ್ಲಿ ಇರುವುದನ್ನೇ ತೋರಿಸುತ್ತದೆ. ಕಾಲೇಜಿನವರು ಖಾತೆ ಅಳಿಸಿದರೆ ಕನ್ನಡಿಯಲ್ಲಿ ಕಂಡದ್ದನ್ನೂ ನಂಬಿ ಕೂರುವ ಹಾಗಿಲ್ಲ. ಆದ್ದರಿಂದ ಈ ದಾರಿಯಲ್ಲಿ ಮೇಲ್‌ಗಳ ಒಂದು ಪ್ರತಿಯನ್ನು ಬೇರೆ ಇಟ್ಟುಕೊಳ್ಳಲೇಬೇಕು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಇನ್ನೊಂದು ಮಾತು. ಕಾಲೇಜಿನ ಐಡಿಯನ್ನು ನಾನು ಫೋನಿಗೆ ಹಾಕಿಕೊಂಡಿಲ್ಲ. ವಿದ್ಯಾರ್ಥಿಗಳ ಅಂಕ, ಜಾತಿ ಪ್ರಮಾಣಪತ್ರ, ಬ್ಯಾಂಕ್ ವಿವರ ಎಲ್ಲ ಅದರಲ್ಲಿ ಬರುತ್ತದೆ. ಫೋನ್ ಬಸ್ಸಿನಲ್ಲಿ ಕಳೆದುಹೋದರೆ ಆ ಮಕ್ಕಳಿಗೆ ನಾನು ಏನು ಹೇಳಲಿ?

ದಾರಿ ಐದು: ಸ್ವಂತ ಡೊಮೇನ್

ಯುನಿಟ್ ಅಥವಾ ಆಫೀಸಿನ ಹೆಸರಿನಲ್ಲೇ ವಿಳಾಸ ಕೊಂಡು, ಬಿಲ್ಲಿಂಗ್‌ಗೆ ಒಂದು, ಲೆಕ್ಕಕ್ಕೆ ಒಂದು ಅಂತ ಐಡಿ ಮಾಡುವುದು. ನಾಲ್ಕು ಜನ ಕೆಲಸಗಾರರು ಇದ್ದವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಮ್ಯಾನೇಜರ್ ಬಿಟ್ಟು ಹೋದರೆ ಪಾಸ್‌ವರ್ಡ್ ಬದಲಿಸುವುದು ಮಾಲೀಕರ ಕೈಯಲ್ಲೇ ಇರುತ್ತದೆ. ಜೋಹೋ ಮೇಲ್‌ನಲ್ಲಿ ಐದು ಜನರವರೆಗೆ ಉಚಿತ ಪ್ಲಾನ್ ಇದೆ, ತಲಾ 5 ಜಿಬಿ. ಆದರೆ ಆ ಉಚಿತ ಪ್ಲಾನ್‌ನಲ್ಲಿ ಐಮ್ಯಾಪ್ ಸಿಗುವುದಿಲ್ಲ, ಥಂಡರ್‌ಬರ್ಡ್‌ಗೆ ಸೇರಿಸಬೇಕಾದರೆ ದುಡ್ಡು ಕೊಡಬೇಕು. ಡೊಮೇನ್‌ಗೆ ವರ್ಷ ವರ್ಷ ಹಣ ಕಟ್ಟುವುದು ಮರೆತರೆ ಎಲ್ಲ ಐಡಿಗಳೂ ಒಂದೇ ದಿನ ನಿಲ್ಲುತ್ತವೆ. ಡೊಮೇನ್ ಮಾಲೀಕರ ಹೆಸರಿನಲ್ಲೇ ಇರಲಿ, ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ ಬೇಡ. ಬಡಾವಣೆಯ ಸಂಘಕ್ಕೆ ಇಷ್ಟೆಲ್ಲ ಬೇಕಿಲ್ಲ.

ಜೋಡಿಸುವುದೋ, ಹುಡುಕುವುದೋ?

ಹತ್ತು ವರ್ಷದ ಹಿಂದೆ ನಾನು ನಲವತ್ತು ಫೋಲ್ಡರ್ ಮಾಡಿಕೊಂಡಿದ್ದೆ. ಈಗ ಪ್ರತಿ ಐಡಿಯಲ್ಲಿ ವರ್ಷಕ್ಕೊಂದು ಲೇಬಲ್, ಅದರೊಳಗೆ ಪಾರ್ಟಿ ಹೆಸರು, ಅಷ್ಟೇ. ವರ್ಷ ಅಂದರೆ ಆಯಾ ಕೆಲಸದ ವರ್ಷ. ತೆರಿಗೆಗೆ ಏಪ್ರಿಲ್‌ನಿಂದ ಮಾರ್ಚ್, ಕಾಲೇಜಿಗೆ ಸೆಮಿಸ್ಟರ್, ಸಂಘಕ್ಕೆ ಒಂದು ಮಹಾಸಭೆಯಿಂದ ಇನ್ನೊಂದು ಮಹಾಸಭೆ. ಮಾರ್ಚ್ 2024ರ ರಿಟರ್ನ್ ಬಗ್ಗೆ ಮೇ ತಿಂಗಳಲ್ಲಿ ಮೇಲ್ ಬಂದರೂ ಅದಕ್ಕೆ '2023-24' ಚೀಟಿಯೇ ಬೀಳಬೇಕು. ತಾರೀಖು ನೋಡಿ ಹುಡುಕುವವರು ಎಡವುವುದು ಇಲ್ಲೇ.

ಉಳಿದದ್ದು ಹುಡುಕಾಟಕ್ಕೆ ಬಿಟ್ಟಿದ್ದೇನೆ. ಹುಡುಕುವ ಪಟ್ಟಿಯ ಬಲತುದಿಯಲ್ಲಿ ಒಂದು ಗುರುತು ಇದೆ, ಒತ್ತಿದರೆ ಯಾರಿಂದ, ಯಾವ ತಾರೀಖಿನೊಳಗೆ, ಎಷ್ಟು ಎಂಬಿ, ಅಟ್ಯಾಚ್‌ಮೆಂಟ್ ಇದೆಯಾ ಅಂತ ಕೇಳುತ್ತದೆ. 10 ಎಂಬಿ ಮೇಲಿನವನ್ನು ಹುಡುಕಿದರೆ ಜಾಗ ತಿನ್ನುವವು ಐದು ನಿಮಿಷದಲ್ಲಿ ಸಿಗುತ್ತವೆ.

ಆದರೆ ನಮ್ಮ ಭಾಗದವರು ಹುಡುಕುವಾಗ ನೆನಪಿಡಬೇಕಾದ ಒಂದು ವಿಷಯ ಇದೆ. 2014ರ ನವೆಂಬರ್ 1ರಂದು ಬಳ್ಳಾರಿ, ಹೊಸಪೇಟೆ ಸೇರಿ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಹಳೆಯ ಮೇಲ್‌ಗಳಲ್ಲಿ ಹಳೆಯ ಸ್ಪೆಲ್ಲಿಂಗ್ ಇದೆ, ಹೊರರಾಜ್ಯದ ವ್ಯಾಪಾರಿಗಳು ಈಗಲೂ ಹಾಗೇ ಬರೆಯುತ್ತಾರೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ ಆಯಿತು, ಈ ಭಾಗದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯ ಪ್ರಮಾಣಪತ್ರದ ಹಳೆಯ ಪತ್ರಗಳಲ್ಲಿ ಹಳೆಯ ಹೆಸರೇ ಸಿಗುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಹೊಸಪೇಟೆ, ಕೂಡ್ಲಿಗಿ, ಹಡಗಲಿ ಕಡೆಯ ಹಳೆಯ ಕಾಗದವೆಲ್ಲ ಬಳ್ಳಾರಿ ಜಿಲ್ಲೆಯ ಹೆಸರಿನಲ್ಲಿವೆ. ಅರ್ಧ ಪದ ಕೊಟ್ಟರೆ ಜಿಮೇಲ್ ಉಳಿದದ್ದನ್ನು ಊಹಿಸಿಕೊಳ್ಳುತ್ತದೆ ಅಂತ ನಂಬಬೇಡಿ. ಹಳೆಯದು, ಹೊಸದು ಎರಡೂ ಪೂರ್ತಿ ಬರೆದು ಹುಡುಕಿ.

ಇನ್ನು ಸಬ್ಜೆಕ್ಟ್ ಸಾಲು. 'ಸ್ಟಾಕ್', 'ಅರ್ಜೆಂಟ್', 'ಪ್ಲೀಸ್ ಸೀ' ಅಂತ ಬರೆದ ಮೇಲ್‌ಗಳು ಐದು ವರ್ಷದ ನಂತರ ಯಾರಿಗೂ ಸಿಗುವುದಿಲ್ಲ. ಪಾರ್ಟಿ ಹೆಸರು, ವರ್ಷ, ಬಿಲ್ ನಂಬರ್ ಬರೆಯಿರಿ. ಬೇರೆಯವರು ಬರೆಯದಿದ್ದರೆ ನಿಮ್ಮ ಉತ್ತರದಲ್ಲಾದರೂ ಅದು ಇರಲಿ. ಬಿಲ್ಲನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ "ಒಂದು ಮೇಲ್‌ನೂ ಹಾಕ್ರಿ" ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಫೋನ್ ಬದಲಿಸಿದಾಗ ಚಾಟ್ ಹೋಗಿ ಕೂತವರು ನಮ್ಮಲ್ಲಿ ಒಬ್ಬಿಬ್ಬರಲ್ಲ.

ಎಷ್ಟು ವರ್ಷ ಇಡಬೇಕು, ಎಲ್ಲಿ ಇಡಬೇಕು?

ಜಿಎಸ್‌ಟಿ ಲೆಕ್ಕದ ಕಾಗದಗಳಿಗೆ ಕಾಯ್ದೆಯೇ ಅವಧಿ ಹೇಳಿದೆ. 36ನೇ ಸೆಕ್ಷನ್ ಪ್ರಕಾರ, ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ಇದ್ದ ಕೊನೆಯ ದಿನದಿಂದ 72 ತಿಂಗಳು. 2023-24ರದ್ದಕ್ಕೆ ಕೊನೆಯ ದಿನ 2024ರ ಡಿಸೆಂಬರ್ 31. ಅಂದರೆ 2030ರ ಡಿಸೆಂಬರ್ 31ರವರೆಗೆ ಇಡಬೇಕು. ಮೇಲ್ಮನವಿ ಅಥವಾ ವಿಚಾರಣೆ ನಡೆಯುತ್ತಿದ್ದರೆ ಅದು ಮುಗಿದ ಮೇಲೆ ಒಂದು ವರ್ಷ, ಇಲ್ಲವೇ ಈ 72 ತಿಂಗಳು, ಯಾವುದು ಆಮೇಲೆ ಬರುತ್ತದೋ ಅದು. ಕಂಪನಿಗಳಾದರೆ 2013ರ ಕಂಪನಿ ಕಾಯ್ದೆ ಲೆಕ್ಕದ ಪುಸ್ತಕಗಳನ್ನು ಎಂಟು ಹಣಕಾಸು ವರ್ಷ ಇಡಬೇಕು ಅನ್ನುತ್ತದೆ. ಬಿಲ್, ಹಣ ಮುಟ್ಟಿದ ಮಾತು, ನೋಟೀಸ್ ಇರುವ ಮೇಲ್‌ಗಳನ್ನು ನಾನು ಎಂಟು ವರ್ಷ ಇಡುತ್ತೇನೆ. ಸೇವೆಗೆ ಸಂಬಂಧಿಸಿದ ಪತ್ರ, ನೇಮಕಾತಿ, ಅನುಭವ ಇವಕ್ಕೆ ಅವಧಿಯೇ ಇಲ್ಲ, ಬದುಕಿರುವವರೆಗೆ ಇಡಿ. ಸಭೆಗೆ ಬನ್ನಿ ಅಂದದ್ದು, ಹಬ್ಬದ ಶುಭಾಶಯ, ಬ್ಯಾಂಕಿನ ಜಾಹೀರಾತು ಇವುಗಳನ್ನು ವಾರಕ್ಕೊಮ್ಮೆ ಅಳಿಸಿ. ಅಳಿಸಲು ಭಯ ಅನ್ನಿಸಿದರೆ ಆರ್ಕೈವ್ ಮಾಡಿ. ಅದು ಇನ್‌ಬಾಕ್ಸ್‌ನಿಂದ ಸರಿಸುತ್ತದೆಯೇ ಹೊರತು ಅಳಿಸುವುದಿಲ್ಲ. ಕಸದ ಬುಟ್ಟಿಗೆ ಹೋದದ್ದು 30 ದಿನಕ್ಕೆ ಹೋಗುತ್ತದೆ.

ಎಲ್ಲಿ ಇಡಬೇಕು ಅನ್ನುವಲ್ಲಿ ಜನ ಹೆಚ್ಚು ತಪ್ಪುತ್ತಾರೆ. ಸ್ಕ್ರೀನ್‌ಶಾಟ್ ತೆಗೆದಿಡುವವರಿದ್ದಾರೆ. ಪಿಡಿಎಫ್ ಮಾಡಿ ಫೋಲ್ಡರ್‌ಗೆ ಹಾಕುವವರಿದ್ದಾರೆ. ಪಿಡಿಎಫ್ ಓದಲು ಸುಲಭ, ಆಡಿಟರ್‌ಗೆ ಕೊಡಲು ಸುಲಭ, ಆದರೆ ಲಕೋಟೆಯ ಮುದ್ರೆ ಅದರಲ್ಲಿ ಉಳಿಯುವುದಿಲ್ಲ. ಯಾವ ಮೇಲ್ ಮುಂದೆ ಜಗಳಕ್ಕೆ ಬರಬಹುದು ಅನ್ನಿಸುತ್ತದೋ ಅದನ್ನು ಮೂಲರೂಪದಲ್ಲೇ ಇಳಿಸಿಕೊಳ್ಳಿ. ಕಂಪ್ಯೂಟರ್‌ನ ಜಿಮೇಲ್‌ನಲ್ಲಿ ಮೇಲ್ ತೆರೆದು, ಬಲಗಡೆಯ ಮೂರು ಚುಕ್ಕೆ ಒತ್ತಿ 'ಡೌನ್‌ಲೋಡ್ ಮೆಸೇಜ್' ಅಂದರೆ ಇಎಮ್ಎಲ್ ಫೈಲ್ ಬರುತ್ತದೆ. ತಲೆಬರಹ, ಅಟ್ಯಾಚ್‌ಮೆಂಟ್ ಎಲ್ಲ ಸೇರಿ ಒಂದೇ ಗಂಟು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಕೋರ್ಟಿನಲ್ಲಿ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆಯನ್ನೂ (ಫೈಲಿನ ಬೆರಳಚ್ಚು ಇದ್ದ ಹಾಗೆ) ಬರೆಯಬೇಕು. ಮೂಲ ಫೈಲ್ ಕೈಯಲ್ಲಿದ್ದರೆ ವಕೀಲರ ಕೆಲಸ ಅರ್ಧ ಆದ ಹಾಗೆ.

ಇಡೀ ಪೆಟ್ಟಿಗೆಯನ್ನೇ ಇಳಿಸಿಕೊಳ್ಳಲು ಎರಡು ದಾರಿ. ಒಂದು ಗೂಗಲ್ ಟೇಕೌಟ್. ಬೇಕಾದ ಲೇಬಲ್ ಮಾತ್ರ ಆರಿಸಬಹುದು. ಎಂಬಾಕ್ಸ್ ಅನ್ನುವ ಫೈಲ್ ತಯಾರಾಗಿ ಲಿಂಕ್ ಬರುತ್ತದೆ, ವಾರದೊಳಗೆ ಇಳಿಸಿಕೊಳ್ಳಬೇಕು. ಕಾಲೇಜು, ಕಂಪನಿಯ ಖಾತೆಗಳಲ್ಲಿ ಅಡ್ಮಿನ್ ಇದನ್ನು ನಿಲ್ಲಿಸಿರಬಹುದು. ಎರಡನೆಯದು ಥಂಡರ್‌ಬರ್ಡ್‌ನ 'ಲೋಕಲ್ ಫೋಲ್ಡರ್ಸ್'. ಅಲ್ಲಿಗೆ ಕಾಪಿ ಮಾಡಿದ ಮೇಲ್ ಕನ್ನಡಿಯಲ್ಲ, ನಿಮ್ಮ ಹಾರ್ಡ್ ಡಿಸ್ಕ್‌ನಲ್ಲೇ ಕೂತ ಮೇಲ್. ಸರ್ವರ್‌ನಲ್ಲಿ ಖಾತೆ ಹೋದರೂ ಇದು ಹೋಗುವುದಿಲ್ಲ. ನನಗೆ ಎರಡನೆಯದು ಇಷ್ಟ, ಯಾಕಂದರೆ ಬೇಕಾದಾಗ ಅಲ್ಲೇ ಹುಡುಕಿ ತೆರೆಯಬಹುದು. ಟೇಕೌಟ್‌ನ ಎಂಬಾಕ್ಸ್ ತೆರೆಯಲು ಸಾಮಾನ್ಯವಾಗಿ ಥಂಡರ್‌ಬರ್ಡ್‌ಗೆ ಒಂದು ಆ್ಯಡ್-ಆನ್ ಹಾಕಿಕೊಳ್ಳಬೇಕಾಗುತ್ತದೆ. ಇಳಿಸಿಕೊಳ್ಳುವುದು ನಿಮ್ಮ ಹಕ್ಕಿನ ಕಾಗದ ಮಾತ್ರ. ಕಾಲೇಜಿನ ಐಡಿಯಿಂದ ನಾನು ನನ್ನ ನೇಮಕಾತಿ, ಆದೇಶ, ಸೇವೆಯ ಪತ್ರ ತೆಗೆದುಕೊಳ್ಳುತ್ತೇನೆ. ವಿದ್ಯಾರ್ಥಿಗಳ ಅಂಕಪಟ್ಟಿ ಮನೆಯ ಡಿಸ್ಕ್‌ಗೆ ಬರಕೂಡದು.

ಏಪ್ರಿಲ್ ಮೊದಲ ಭಾನುವಾರ ಇದನ್ನು ಮಾಡುತ್ತೇನೆ. ಹೋದ ವರ್ಷದ ಲೇಬಲ್ ಪೂರ್ತಿ ಕಾಪಿ ಮಾಡಿ, ಎರಡು ಹಾರ್ಡ್ ಡಿಸ್ಕ್‌ಗೆ ಹಾಕಿ, ಒಂದು ಆಫೀಸಿನಲ್ಲಿ, ಒಂದು ಮನೆಯಲ್ಲಿ ಇಡುತ್ತೇನೆ. ಆಮೇಲೆ ಯಾವುದಾದರೂ ಮೂರು ಮೇಲ್ ತೆರೆದು ನೋಡುತ್ತೇನೆ. ತೆರೆದು ನೋಡದ ಪ್ರತಿಯನ್ನು ಪ್ರತಿ ಅಂತ ಲೆಕ್ಕ ಹಾಕಬೇಡಿ.

ಬೀಗದ ಕೈ ಯಾರ ಹತ್ತಿರ?

ಸಂಘದ ಐಡಿಯ ಪಾಸ್‌ವರ್ಡ್ ಒಬ್ಬರಿಗೇ ಗೊತ್ತಿದ್ದು ಅವರಿಗೆ ಏನಾದರೂ ಆದರೆ? ನಮ್ಮ ಪಕ್ಕದ ಬಡಾವಣೆಯಲ್ಲಿ ಹೀಗಾಯಿತು. ಕಾರ್ಯದರ್ಶಿ ತೀರಿಕೊಂಡರು, ಪಾಸ್‌ವರ್ಡ್ ಗೊತ್ತಿಲ್ಲದಾಗ ಖಾತೆ ತೆರೆಯಲು ಬೇಕಾಗುವ ರಿಕವರಿ ನಂಬರ್ ಅವರದೇ, ಸಿಮ್ ನಿಂತುಹೋಗಿತ್ತು. ಮನೆಯವರ ದುಃಖದ ನಡುವೆ ಹೋಗಿ ಫೋನ್ ಕೇಳುವುದು ಯಾರಿಗೂ ಬರಬಾರದ ಕಷ್ಟ.

ಜಿಮೇಲ್‌ನಲ್ಲಿ ಡೆಲಿಗೇಷನ್ ಅಂತ ಇದೆ. ಪಾಸ್‌ವರ್ಡ್ ಕೊಡದೆಯೇ ಬೇರೆಯವರು ತಮ್ಮ ಐಡಿಯಿಂದ ಈ ಪೆಟ್ಟಿಗೆ ತೆರೆದು ಓದಬಹುದು, ಉತ್ತರಿಸಬಹುದು. ಸ್ವಂತ ಖಾತೆಗೆ ಹತ್ತು ಜನರವರೆಗೆ ಸೇರಿಸಬಹುದು. ಅಧ್ಯಕ್ಷರನ್ನೂ ಖಜಾಂಚಿಯನ್ನೂ ಸೇರಿಸಿದ್ದೇನೆ. ನನ್ನ ಸ್ವಂತ ತೆರಿಗೆ ಕೆಲಸದ ಐಡಿಗೆ 'ಇನ್ಯಾಕ್ಟಿವ್ ಅಕೌಂಟ್ ಮ್ಯಾನೇಜರ್' ಹಾಕಿದ್ದೇನೆ. ಮೂರು ತಿಂಗಳು ನಾನು ಮುಟ್ಟದಿದ್ದರೆ ನನ್ನ ಹೆಂಡತಿಗೂ ಜೊತೆಯಲ್ಲಿ ಕೆಲಸ ಮಾಡುವ ಒಬ್ಬರಿಗೂ ಸುದ್ದಿ ಹೋಗುತ್ತದೆ, ಪಾರ್ಟಿಗಳ ಕಾಗದ ಅವರಿಗೆ ಸಿಗುತ್ತದೆ. ಅದನ್ನು ಹಾಕಿದ ದಿನ ಮನೆಯಲ್ಲಿ "ಇದೆಲ್ಲ ಈಗ್ಯಾಕ್ರಿ" ಅಂತ ಬೈದರು. ಪಾರ್ಟಿಗಳು ನನ್ನನ್ನು ನಂಬಿ ಕಾಗದ ಕೊಟ್ಟಿದ್ದಾರೆ, ಅದಕ್ಕೇ ಹಾಕಿದೆ.

ಹೋದ ಮಹಾಸಭೆಯಲ್ಲಿ ನಮ್ಮ ಸಂಘದ ಖಜಾಂಚಿ ಬದಲಾದರು. ಸಭೆ ಮುಗಿದ ಮೇಲೆ ಅಲ್ಲೇ ಕೂತು ಹಳಬರನ್ನು ಡೆಲಿಗೇಷನ್‌ನಿಂದ ತೆಗೆದು ಹೊಸಬರನ್ನು ಸೇರಿಸಿದೆವು. ರಿಕವರಿ ನಂಬರ್ ಬದಲಿಸಿದೆವು. ಹೊಸಬರು ತಮ್ಮ ಫೋನಿನಲ್ಲಿ ತೆರೆದು, 2019ರಲ್ಲಿ ನೀರಿನ ಪೈಪಿಗೆ ಬರೆದ ಅರ್ಜಿಯನ್ನು ಹುಡುಕಿ ತೋರಿಸಿದರು. ಠರಾವು ಪುಸ್ತಕದಲ್ಲಿ ಒಂದು ಸಾಲು ಬರೆದು ಮೂವರೂ ಸಹಿ ಹಾಕಿದೆವು. ಚಹಾ ಬರುವಷ್ಟರಲ್ಲಿ ಮುಗಿದಿತ್ತು.